ಹಳೇ ಮಾಡೆಲ್ಲಿನ ಹೊಸ ಕೆಂಪು ಷೂ

ಸುದ್ದಗುಂಟೆಪಾಳ್ಯದಲ್ಲಿ ನಮ್ಮ ಹೊಲ ಹೋಗಿ ಬಾಡಿಗೆ ಮನೆಗಳು ಎದ್ದ ಮೇಲೆ ನನಗೆ ಬೇಜಾರು ಅನ್ನೋದೇ ಇಲ್ಲ. ರಾಗಿ ಬೆಳೀತಿದ್ದಾಗ ವರ್ಷಕ್ಕೊಂದೇ ಬೆಳೆ. ಬಾಡಿಗೆಯವರನ್ನ ಇಟ್ಕೊಂಡ ಮೇಲೆ ನಗೋಕೆ ದಿನಕ್ಕೊಂದು ಬೆಳೆ.

ನಾಯಿ

ತೊಂಬತ್ತರ ದಶಕದಲ್ಲಿ ಜಯನಗರ ಫೋರ್ತ್ ಬ್ಲಾಕಿನಲ್ಲಿ ನಾನೊಂದು ಜೊತೆ ಕೆಂಪು ಫಾರಿನ್ ಷೂ ತಗೊಂಡೆ. ಚರ್ಮ ಅಂದ್ರೆ ಅದು ಚರ್ಮ! ಅದನ್ನ ಹಾಕ್ಕೊಂಡೇ ಹಸು ತೊಳೆದೆ, ಗಾರೆ ಕಲಸಿದೆ, ಮೂರಂತಸ್ತಿಗೆ ಮೋಲ್ಡ್ ಹಾಕಿಸಿದೆ. ಒಂದ್ಸಲ ಬೀದಿನಾಯಿ ಬಂದು ಕಚ್ಚಿತು. ಷೂ ಮೇಲೆ ಒಂದು ಗೀರೂ ಇಲ್ಲ. ನಾಯಿ ಮಾತ್ರ ಅವತ್ತಿಂದ ಬನ್ನನ್ನೂ ಹಾಲಲ್ಲಿ ನೆನೆಸಿಕೊಟ್ಟರೇ ತಿನ್ನೋದು.

"ಆ ನಾಯಿಗೆ ಮೊದಲೇ ಹಲ್ಲಿರಲಿಲ್ಲ" ಅಂತಾಳೆ ನನ್ನ ಹೆಂಡತಿ. ಅವಳು ಜನ್ಮದಲ್ಲಿ ಷೂ ಹಾಕಿದವಳಲ್ಲ, ಅವಳಿಗೇನು ಗೊತ್ತು!

ಡಬ್ಬ

ಹತ್ತು ಹನ್ನೆರಡು ವರ್ಷ ಆದಮೇಲೆ ಮಹಡಿ ಮನೆಗೆ ಹುಬ್ಬಳ್ಳಿ ಕಡೆ ಹುಡುಗ ಬಂದ. ಆಫೀಸ್ ಕೆಲಸ, ಜೊತೆಗೆ ಷೂ ಕೂಡಿಡೋ ಹುಚ್ಚು. ನನ್ನ ಕಾಲು ನೋಡಿದವನೇ ಅಲ್ಲೇ ಕುಕ್ಕರಿಸಿಬಿಟ್ಟ.

"ಕಾಕಾ, ಇದು ಮೊದಲ್ನೇ ಸಲ ಬಂದಿದ್ದ ಮಾಲ್ ಐತ್ರಿ! ಇದನ್ನ ಹಾಕ್ಕೊಂಡು ಸೆಗಣಿ ಬಾಚ್ತೀರೇನ್ರಿ?"

"ಮತ್ತಿನ್ನೇನು, ಆರತಿ ಎತ್ತಲಾ?"

ಅದೇ ಮಾಡೆಲನ್ನ ಕಂಪನಿಯವರು ಮತ್ತೆ ಬಿಟ್ಟಿದ್ದಾರಂತೆ. ಎರಡು ತಿಂಗಳ ಬಾಡಿಗೆಯಷ್ಟು ಸುರಿದು ತಂದೇಬಿಟ್ಟ. ಯಾಕಂದ್ರೆ ಪದ್ಮನಾಭನಗರದಲ್ಲಿ ಹೆಣ್ಣು ನೋಡೋದಿತ್ತು. ಫೋಟೋ ನೋಡಿಯೇ ಮನಸ್ಸು ಕೊಟ್ಟಿದ್ದ. "ಈ ಸಂಬಂಧ ಒಂದು ತಪ್ಪಬಾರದ್ರಿ ಕಾಕಾ" ಅಂತ ದಿನಾ ಒಂದೇ ಜಪ.

ಷೂ ಕೈಗೆ ತಗೊಂಡು ಅಮುಕಿದೆ. ಮೇಲೆ ರೆಕ್ಸಿನ್, ಕೆಳಗೆ ಥರ್ಮೋಕೋಲಿಗೆ ದಾಯಾದಿ. ಬೆಲೆ ನೋಡಿದ್ರೆ ಆಕಾಶ. ಅದು ಬಂದಿದ್ದ ಡಬ್ಬ ಮಾತ್ರ ಕಲ್ಲಿನಂಗಿತ್ತು.

"ಮಗಾ, ಷೂ ಮನೇಲಿಡು. ಡಬ್ಬ ಹಾಕ್ಕೊಂಡು ಹೋಗು."

ಹೆಜ್ಜೆ

ಅವನ ಅಪ್ಪ ಅವ್ವ ಊರಿಂದ ಬರೋಕಾಗಲಿಲ್ಲ, ಹಿರಿಯ ಅಂತ ನಾನೇ ಹೋದೆ. ದಾರೀಲಿ ಮಳೆ ಹಿಡ್ಕೊಂಡು ಸ್ಕೂಟರಿನಲ್ಲಿ ಇಬ್ಬರೂ ತೊಪ್ಪೆಯಾದ್ವಿ. ಬಾಗಿಲಲ್ಲಿ ಅವನು ಷೂ, ಸಾಕ್ಸ್ ಬಿಚ್ಚಿ, ಕೈ ಮುಗಿದು ಒಳಗೆ ನಡೆದು ಸೋಫಾ ಮೇಲೆ ಕೂತ. ಎಲ್ಲರೂ ಅವನ ಮುಖ ಬಿಟ್ಟು ನೆಲ ನೋಡ್ತಿದ್ದಾರೆ!

ಬಿಳೀ ಮೊಸಾಯಿಕ್ ಮೇಲೆ ಹೊಸಲಿಂದ ಸೋಫಾವರೆಗೂ ಕೆಂಪು ಹೆಜ್ಜೆ. ಷೂ ಬಣ್ಣವೆಲ್ಲ ಬಿಟ್ಟು ಪಾದಕ್ಕೆ ಬಂದಿತ್ತು.

ಹುಡುಗಿಯ ಅಪ್ಪ ಮುಖ ಗಂಟಿಕ್ಕಿಕೊಂಡ್ರು. ಉಪ್ಪಿಟ್ಟಿನ ತಟ್ಟೆ ತಂದ ಹುಡುಗಿ ನಿಂತಲ್ಲೇ ನಿಂತಳು. ಇವನು ಗಾಬರಿಯಿಂದ ಕಾಲು ಒರೆಸಿಕೊಳ್ಳೋಕೆ ಹೋಗಿ ಕಾರ್ಪೆಟ್ಟಿಗೂ ಬಳಿದ.

"ಇದೇ ನನ್ನ ಕಾಲದ ಷೂ ಆಗಿದ್ರೆ..." ಅಂತ ನಾನು ಶುರು ಮಾಡ್ದೆ.

"ಸಾಕ್ರಿ ಕಾಕಾ, ಎಲ್ಲಾ ಮುಗೀತು" ಅಂದ, ಅಳೋದೊಂದು ಬಾಕಿ.

ಮೂಲೇಲಿ ಕೂತಿದ್ದ ಹುಡುಗಿಯ ಅಜ್ಜಿ ಎದ್ದು, ಕನ್ನಡಕ ಏರಿಸಿ, ಬಗ್ಗಿ ಬಗ್ಗಿ ಹೆಜ್ಜೆ ನೋಡಿದ್ರು.

"ಓಕುಳೀಲಿ ಕಾಲಿಟ್ಟು ಮನೆ ತುಂಬೋದು ಸೊಸೆ ಅಲ್ವೇನೋ? ಈ ಗಂಡುಹುಡುಗ ಯಾಕೋ ನಮ್ಮನೆ ತುಂಬಿದ್ದಾನೆ?"

"ಅಮ್ಮಾ, ನೀನು ಸುಮ್ನಿರು" ಅಂದ್ರು ಹುಡುಗಿಯ ಅಪ್ಪ.

"ನೀನು ಸುಮ್ನಿರೋ. ನೋಡು, ಬಲಗಾಲಿಟ್ಟೇ ಒಳಗೆ ಬಂದಿದ್ದಾನೆ. ಹೀಗೆ ಬಂದೋರನ್ನ ಯಾರಾದ್ರೂ ಆಚೆ ಕಳಿಸ್ತಾರಾ?"

ಹುಡುಗಿಗೆ ನಗು ತಡೆಯೋಕಾಗಲಿಲ್ಲ. ಬಂದವಳೇ ತಟ್ಟೆಯನ್ನ ಅವನ ಕೈಗಿಟ್ಟು ಹೇಳಿದಳು:

"ನಂಗೊಪ್ಪಿಗೆ ಅಜ್ಜಿ. ನಾಳೆಯಿಂದ ಉಪ್ಪಿಟ್ಟು ಇವರೇ ಮಾಡ್ಲಿ."