ಎಂಟಡಿ ಹಲಗೆಯ ವಕಾಲತ್ತು

ಮನೆಯ ಹಿಂದಿನ ಕೋಣೆ ಯಾರದು ಎಂಬ ವ್ಯಾಜ್ಯ ಬಡಗಿ ಯಜಮಾನರಿಗೂ ಅವರ ಹೆಂಡತಿಗೂ ಹನ್ನೊಂದು ವರ್ಷದಿಂದ ನಡೆದಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು. (ಎತ್ತು ಯಾರು, ಕೋಣ ಯಾರು ಎಂಬುದೂ ಇತ್ಯರ್ಥವಾಗಿರಲಿಲ್ಲ.) ಅವರ ಕೆಲಸದ ಮೇಜು, ಗರಗಸ, ಉಳಿಗಳೆಲ್ಲ ಅಲ್ಲೇ, ಆಕೆಯ ಹೊಲಿಗೆ ಮಿಷನ್ನೂ ಅಲ್ಲೇ. ಇವರು ಗರಗಸ ಎಳೆದರೆ ಆಕೆಯ ಬಿಳಿ ಬಟ್ಟೆಗೆ ಮರದ ಹೊಟ್ಟಿನ ಮಳೆ.

"ರೀ, ಆ ಮೇಜು ಹೊರಗಡೆ ಶೆಡ್ಡಿಗೆ ಹೋಗ್ಲಿ."

"ನನ್ನ ಹೆಣ ಹೋದಮೇಲೆ ಮೇಜು ಹೋಗ್ಲಿ ಕಣೇ!"

"ಬಟ್ಟೆ ಕೊಟ್ಟೋರು ಅಷ್ಟು ದಿನ ಕಾಯಬೇಕಲ್ಲ!"

ಸೊಸೆಗೆ ದೊಡ್ಡದೊಂದು ವಕೀಲರ ಕಚೇರಿಯಲ್ಲಿ ಕೆಲಸ. ಕೋರ್ಟಿನ ಮೆಟ್ಟಿಲು ಹತ್ತುವುದು ಕಡಿಮೆ. ಕಕ್ಷಿದಾರರ ಪರವಾಗಿ ಸರ್ಕಾರದ ಇಲಾಖೆಗಳಿಗೆ ಹೋಗಿ, ಅವರಿಗೆ ತೊಡಕಾದ ನಿಯಮವನ್ನು ತಿದ್ದಿಸುವುದೇ ಕಸುಬು. "ಅದೇನು, ಕಾಲು ಹಿಡಿಯೋ ಕೆಲಸವೇ?" ಎಂದು ಯಜಮಾನರು ಮೊದಮೊದಲು ಮೂಗು ಮುರಿದಿದ್ದರು. ಬ್ರೆಡ್ಡಿನ ಪ್ರಕರಣ ಕೇಳಿದ ಮೇಲೆ ಆ ಮೂಗು ತಾನಾಗಿಯೇ ನೆಟ್ಟಗಾಯಿತು.

ಬ್ರೆಡ್ಡಿನ ತೂಕ ಮಾರುವ ಹೊತ್ತಿಗೆ ಗುಲಗಂಜಿಯಷ್ಟೂ ಕಡಿಮೆಯಾಗಬಾರದೆಂದು ಇಲಾಖೆ ನಿಯಮ ಮಾಡಿತ್ತು. ಬಿಸಿ ಬ್ರೆಡ್ಡು ಆರುತ್ತಾ ಹಗುರಾಗುವುದು ಲೋಕಸಹಜ. ಬೇಕರಿಯವರ ಮೇಲೆ ಕೇಸಿನ ಮೇಲೆ ಕೇಸು. ಸೊಸೆ ಇಲಾಖೆಯ ಭೇಟಿ ಪುಸ್ತಕದಲ್ಲಿ 'ಬೇಕರಿ ಸಂಘದ ಪರವಾಗಿ' ಎಂದು ರಾಜಾರೋಷವಾಗಿ ಬರೆದು ಒಳಗೆ ಹೋದಳು. ಆಗಷ್ಟೇ ಬೆಂದ ಬ್ರೆಡ್ಡನ್ನು ಸಾಹೇಬರ ಮೇಜಿನ ಮೇಲೆ ತಕ್ಕಡಿಯಲ್ಲಿಟ್ಟು ಸುಮ್ಮನೆ ಕೂತಳು. ಸಾಹೇಬರು ಮುಕ್ಕಾಲು ಗಂಟೆ ನಿಯಮದ ಮಹಿಮೆಯನ್ನು ಬಣ್ಣಿಸಿ ಮುಗಿಸುವಷ್ಟರಲ್ಲಿ ತಕ್ಕಡಿಯ ಮುಳ್ಳು ಹಿಂದೆ ಸರಿದಿತ್ತು. "ಅರೆ, ಇದನ್ನ ತಿದ್ದಬೇಕಲ್ಲ!" ಎಂದವರು ಅವರೇ. ತಿದ್ದುಪಡಿಯ ಕರಡು ಅವಳ ಚೀಲದಲ್ಲಿ ಸಿದ್ಧವಾಗಿಯೇ ಇತ್ತು.

"ಬೆಣ್ಣೆಯಿಂದ ಕೂದಲು ತೆಗೆದ ಹಾಗೆ!" ಎಂದು ಯಜಮಾನರು ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ಇಂಥ ರತ್ನ ಮನೆಯಲ್ಲೇ ಇರುವಾಗ ತಮಗೇಕೆ ಚಿಂತೆ?

"ತಾಯೀ, ಮನೆ ಸರ್ಕಾರದ ಹತ್ರ ನನ್ನ ಪರವಾಗಿ ಒಂದು ಮಾತಾಡು. ಕೋಣೆ ನನಗೇ ಉಳೀಬೇಕು."

"ಆಗಲ್ಲ ಮಾವ. ಒಂದೇ ವ್ಯಾಜ್ಯದಲ್ಲಿ ಎರಡೂ ಕಡೆಯವರ ಕೆಲಸ ಹಿಡಿಯೋ ಹಾಗಿಲ್ಲ ನಮ್ಮ ಕಸುಬಲ್ಲಿ. ಅತ್ತೆ ಮೊದಲೇ ನನ್ನ ಹತ್ರ ಬಂದಿದ್ದಾರೆ. ಮುಚ್ಚುಮರೆ ಯಾಕೆ ಅಂತ ಹೇಳಿಬಿಟ್ಟೆ."

ಯಜಮಾನರು ಮೀಸೆ ತಿರುವಿದರು. "ಹಾಗೋ! ನಾನು ಶಾಲೆ ಓದದಿದ್ರೂ ಲೋಕ ಓದಿದೋನು. ಅದೇನು ಮಾಡ್ತೀಯೋ ಮಾಡು, ನೋಡೇಬಿಡೋಣ!"

ಅಂದಿನಿಂದ ಅವರು ಮೈಯೆಲ್ಲ ಕಣ್ಣಾದರು. ಸೊಸೆ ಕಾಫಿ ಕೊಟ್ಟರೆ ಲೋಟದಡಿ ಕರಡೇನಾದರೂ ಇದೆಯೇ ಎಂದು ನೋಡಿಯೇ ಕುಡಿದರು. ಅವಳು ಕೋಣೆಯ ಸುದ್ದಿಯನ್ನೇ ಎತ್ತಲಿಲ್ಲ. ಒಂದು ಸಂಜೆ ಮಾತ್ರ, "ಮಾವ, ಕಚೇರಿ ಪುಸ್ತಕಗಳಿಗೆ ಕಪಾಟು ಬೇಕು. ನಿಮ್ಮಂಥ ಕೈ ಪೇಟೇಲಿ ಎಲ್ಲೂ ಸಿಗಲಿಲ್ಲ" ಎಂದು ಹಲಗೆಗಳನ್ನು ತಂದಿಳಿಸಿದಳು.

ಹಲಗೆ ಎಂಟಡಿ, ಕೋಣೆ ಏಳೂವರೆ ಅಡಿ. ಅತ್ತ ತಿರುಗಿಸಿದರೆ ಗೋಡೆ, ಇತ್ತ ತಿರುಗಿಸಿದರೆ ಮಿಷನ್ನು, ಎತ್ತಿ ತಿರುಗಿಸಿದರೆ ಸ್ವಂತ ಹಣೆ. ಕೊನೆಗೆ "ಈ ಕಪಾಟೊಂದಕ್ಕೆ ಮಾತ್ರ" ಎಂದು ಗೊಣಗುತ್ತಾ ಮೇಜನ್ನು ಶೆಡ್ಡಿಗೆ ಎಳೆದರು. ಅಲ್ಲಿ ಬೆಳಕು ಧಾರಾಳ. ಹೊಟ್ಟನ್ನು ಗಾಳಿಯೇ ಗುಡಿಸುತ್ತಿತ್ತು. ಬಯ್ಯುವ ಬಾಯಿ ದೂರ. ದಾರಿಹೋಕರು ನಿಂತು, "ಆಹಾ, ಏನು ಕೈಚಳಕ ಯಜಮಾನ್ರೇ!" ಅನ್ನತೊಡಗಿದರು. ಹಿಂದಿನ ಕೋಣೆಯ ಗೋಡೆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹಾಗೆ ಅಂದಿರಲಿಲ್ಲ.

ಕಪಾಟು ಮುಗಿದ ದಿನ ಊಟದ ಹೊತ್ತಿಗೆ ಯಜಮಾನರು ಗಂಟಲು ಸರಿಮಾಡಿಕೊಂಡರು. "ಎಲ್ರೂ ಕೇಳಿ. ಇನ್ನು ಮುಂದೆ ನನ್ನ ಮೇಜು ಶೆಡ್ಡಲ್ಲೇ. ಯಾರ ಮಾತಿಗೂ ಬಗ್ಗಿ ಅಲ್ಲ, ಇದು ನನ್ನ ಸ್ವಂತ ಬುದ್ಧಿ!"

ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಆಗ್ಲಿ ಬಿಡಿ. ಬೇಗ ಉಂಡು, ಕೋಣೇಲಿ ಉಳಿದಿರೋ ಉಳಿ ಗಿಳಿ ಎತ್ಕೊಳ್ಳಿ. ಬಣ್ಣ ಬಳಿಯೋನು ಬೆಳಗ್ಗೆ ಎಂಟಕ್ಕೇ ಬರ್ತಾನೆ."

ಯಜಮಾನರು ಎತ್ತಿದ ತುತ್ತನ್ನು ತಟ್ಟೆಗಿಳಿಸಿದರು. "ಅವನಿಗೆ ಯಾವಾಗ ಹೇಳ್ದೆ?"

"ಹಲಗೆ ಬಂದ ದಿನವೇ."

ಯಜಮಾನರು ಇಂಗು ತಿಂದ ಮಂಗನಂತೆ ಸೊಸೆಯತ್ತ ತಿರುಗಿದರು. ಬರಬೇಕಾದದ್ದು ಸಿಟ್ಟು, ಹಾಳಾದ್ದು, ಬಂದದ್ದು ಹೆಮ್ಮೆ. "ಭಲೇ ತಾಯೀ! ಆದ್ರೂ ನಾನು ಸುಲಭಕ್ಕೆ ಬಗ್ಗೋ ಆಸಾಮಿ ಅಲ್ಲ, ಅದನ್ನ ಒಪ್ಕೋ!"

"ಒಪ್ಪಿದೆ ಮಾವ," ಎಂದಳು ಸೊಸೆ. "ನೀವು ಹೋದ ಗುರುವಾರವೇ ನಿರ್ಧಾರ ಮಾಡ್ತೀರಿ ಅಂದ್ಕೊಂಡಿದ್ವಿ. ಬಣ್ಣದೋನನ್ನ ಎರಡು ಸಲ ಮುಂದಕ್ಕೆ ಹಾಕಬೇಕಾಯ್ತು."