ಟ್ರಾನ್ಸ್‌ಪೋರ್ಟ್ ಬಿಸಿನೆಸ್ಸಿನ ಬೀಗತಿ

ನಮ್ಮ ಬೀಗತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ತೋರಿಸುವ ಗಂಡಸು ಸೊಲ್ಲಾಪುರದಲ್ಲಿ ಇನ್ನೂ ಹುಟ್ಟಿಲ್ಲ! ಕಾರಿರಲಿ, ರಿಕ್ಷಾ ಇರಲಿ, ಕಿಕ್ಕಿರಿದ ಜೀಪೇ ಇರಲಿ, ಅವರಿಗೆ ಬೇಕಾದದ್ದು ಡ್ರೈವರನ ಪಕ್ಕದ ಜಾಗ. ಜಾಗ ಇಲ್ಲವೇ? ಡ್ರೈವರನೇ ಸರಿದುಕೊಳ್ಳಬೇಕು.

ಇದಕ್ಕೆ ಕಾರಣವಿದೆ. ಬೀಗತಿ ಜಾರ್ಜಿಯಾ ದೇಶದವರು. ನಮ್ಮದು ಟವೆಲ್, ಚಾದರದ ವ್ಯಾಪಾರ. ಮಾಲು ತೋರಿಸಲು ಅಲ್ಲಿಯ ತ್ಬಿಲಿಸಿ ಎಂಬ ಊರಿಗೆ ಹೋದ ನನ್ನ ಮಗ, ಟವೆಲ್ ಕೊಳ್ಳಬೇಕಾಗಿದ್ದ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿಯನ್ನು ಮೆಚ್ಚಿ ಬಂದ. ಆರ್ಡರು ಸಿಗಲಿಲ್ಲ, ಸೊಸೆ ಸಿಕ್ಕಳು. ಹುಡುಗಿಗೆ ತಂದೆ ಇಲ್ಲ. ತಾಯಿ ಏನು ಮಾಡುತ್ತಾರೆ ಎಂದು ಕೇಳಿದರೆ ಮಗ ತಲೆ ಕೆರೆದುಕೊಂಡು, “ಟ್ಯಾಕ್ಸಿ ಹೊಡೀತಾರ” ಎಂದ.

ನೀರು ಕುಡಿಯುತ್ತಿದ್ದ ನಮ್ಮವರು ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರು. ಅಜ್ಜನ ಕಾಲದಿಂದ ಪೇಟೆಯಲ್ಲಿ ಅಂಗಡಿ ಇಟ್ಟ ಮನೆತನ! ನೆಂಟರಿಗೆಲ್ಲ “ಬೀಗರದು ಟ್ರಾನ್ಸ್‌ಪೋರ್ಟ್ ಬಿಸಿನೆಸ್” ಎಂದು ಹೇಳುವುದೆಂದು ಅಂದೇ ಮನೆಯಲ್ಲಿ ಠರಾವಾಯಿತು. ಆದರೆ ನನ್ನ ನಾದಿನಿ ಬಿಡುತ್ತಾಳೆಯೇ?

“ಎಷ್ಟ್ ಗಾಡಿ ಅದಾವ್ರಿ ವೈನಿ?”

“ಒಂದ ಅದ.”

“ದೊಡ್ಡ ಗಾಡಿ ಏನ್ರಿ?”

“ನಾಲ್ಕ್ ಮಂದಿ ಕೂಡ್ತಾರ” ಎಂದು ನಾನು ಒಳಗೆ ಹೋಗಿಬಿಟ್ಟೆ.

ಮದುವೆಗೆ ಬರಲಾಗದಿದ್ದ ಬೀಗತಿ ವರ್ಷದ ಮೇಲೆ ಮಗಳನ್ನು ನೋಡಲು ಬಂದರು. ನಮ್ಮವರು ಕಾರು ತೊಳೆಸಿ, ಅದಕ್ಕೆ ಚೆಂಡುಹೂವಿನ ಮಾಲೆ ಹಾಕಿಸಿ ಸ್ಟೇಷನ್ನಿಗೆ ಒಯ್ದರು. ಬೀಗತಿ ಇಳಿದವರೇ ನಮ್ಮೆಲ್ಲರ ಕೆನ್ನೆಗೂ ಮುತ್ತಿಟ್ಟರು. ನಮ್ಮವರ ಕೆನ್ನೆಗೂ! ಪ್ಲಾಟ್‌ಫಾರ್ಮಿನ ಮೇಲೆ! ಅವರು ಆ ಕೆನ್ನೆ ಹಿಡಿದುಕೊಂಡು ನಿಂತಿರುವಾಗಲೇ ಬೀಗತಿ ನೇರವಾಗಿ ಕಾರಿನ ಬಲಬಾಗಿಲು ತೆರೆದರು. ಅವರ ದೇಶದಲ್ಲಿ ಸ್ಟೇರಿಂಗು ಎಡಕ್ಕಿರುತ್ತದೆ, ಬಲಕ್ಕೆ ಕೂರುವವರು ಪ್ರಯಾಣಿಕರು. ಇಲ್ಲಿ ನೋಡಿದರೆ ಎದುರಿಗೇ ಸ್ಟೇರಿಂಗು! ಬೀಗರೆಂಬ ಮರ್ಯಾದೆಗೆ ನಾವು ಗಾಡಿಯನ್ನು ಸಿಂಗರಿಸಿ ಅವರ ಕೈಗೇ ಒಪ್ಪಿಸುತ್ತಿದ್ದೇವೆ ಎಂದುಕೊಂಡರಂತೆ. ಕಣ್ಣು ತುಂಬಿ, ಎದೆಯ ಮೇಲೆ ಕೈಯಿಟ್ಟು, ಕೂತೇಬಿಟ್ಟರು. ಕೀಲಿಗಾಗಿ ಕೈ ಚಾಚಿದರು. ಅವರನ್ನು ಎಬ್ಬಿಸಿ ಆಚೆ ಬದಿಗೆ ಕೂರಿಸುವಷ್ಟರಲ್ಲಿ ಸ್ಟೇಷನ್ನಿನ ಹಮಾಲರೆಲ್ಲ ನಮ್ಮ ಸುತ್ತ ನೆರೆದಿದ್ದರು.

ಮರುದಿನದಿಂದ ಕಾರು ಬೇಡವೆಂದರು. ರಿಕ್ಷಾನೇ ಬೇಕು. ನಮ್ಮ ಓಣಿಯ ಮೂಲೆಯ ಸ್ಟ್ಯಾಂಡಿನಲ್ಲಿ ಸಿದ್ರಾಮ ಎಂಬವನ ರಿಕ್ಷಾ ಇರುತ್ತದೆ. ಹಿಂದೆ ನಾನೂ ಸೊಸೆಯೂ ಕೂತೆವು, ಮುಂದೆ ಸಿದ್ರಾಮನ ಅರ್ಧ ಸೀಟು ಕಿತ್ತುಕೊಂಡು ಬೀಗತಿ. ಹೊರಟು ಸ್ವಲ್ಪ ದೂರ ಹೋಗುತ್ತಲೇ ಅವರು “ನೆಲಾ! ನೆಲಾ!” ಎಂದು ಕೂಗತೊಡಗಿದರು. ಸಿದ್ರಾಮ ಗಾಬರಿಯಾಗಿ ಕಾಲಕೆಳಗೆ ನೋಡಿದ.

“ವೈನಿ, ಏನ್ ಬಿತ್ತು ನೋಡ್ರಿ! ಪಾವ್ಣ್ಯಾರು ಅವಾಗಿಂದ ನೆಲ ನೆಲ ಅನ್ನಾಕತ್ಯಾರ!”

ನಾನೂ ಬಗ್ಗಿ ಹುಡುಕಿದೆ. ಚಪ್ಪಲಿ ಇದ್ದವು, ಪರ್ಸು ಇತ್ತು. ಅತ್ತ ಕೂಗು ಇನ್ನೂ ಜೋರಾಯಿತು. ಪಕ್ಕದಲ್ಲಿ ಸೊಸೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವರ ಭಾಷೆಯಲ್ಲಿ ‘ನೆಲಾ’ ಎಂದರೆ ನಿಧಾನ ಎಂದರ್ಥವಂತೆ! ಅವರು ನಿಧಾನ ಅಂದಷ್ಟೂ ಇವನು ನೆಲ ನೋಡುವುದು, ಇವನು ನೆಲ ನೋಡಿದಷ್ಟೂ ಅವರು ನಿಧಾನ ಎಂದು ಚೀರುವುದು. ಎದುರಿನ ಸಿಟಿ ಬಸ್ಸಿನವನು ಬ್ರೇಕು ಹಾಕದಿದ್ದರೆ ಈ ಪ್ರಬಂಧವನ್ನು ಬೇರೆ ಯಾರೋ ಬರೆಯಬೇಕಾಗಿತ್ತು.

ಸೊಸೆಯ ಆ ನಗು ಕೇಳಿ ನನಗೆ ಖುಷಿಗಿಂತ ದಿಗಿಲೇ ಹೆಚ್ಚಾಯಿತು. ನಮ್ಮ ಮನೆಯಲ್ಲಿ ಅವಳು ಹಾಗೆ ನಕ್ಕದ್ದೇ ಇಲ್ಲ. ಪಾಪ, ಒಳಗೆ ಕನ್ನಡ, ಬೀದಿಯಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ. ಯಾವುದನ್ನು ಮೊದಲು ಹಿಡಿಯಬೇಕು ಆ ಹುಡುಗಿ? ಒಮ್ಮೆ ಒಬ್ಬಳೇ ತರಕಾರಿಗೆ ಹೋಗಿ, ದಾರಿ ತಪ್ಪಿ, ಕೆಂಪು ಕಣ್ಣು ಮಾಡಿಕೊಂಡು ಬಂದವಳು ಆಮೇಲೆ ಹೊಸ್ತಿಲು ದಾಟಿರಲಿಲ್ಲ. ಬಾಲ್ಕನಿಯಲ್ಲಿ ನಿಂತು ರಸ್ತೆ ನೋಡುತ್ತಿದ್ದಳು. ತಾಯಿ ಬಂದದ್ದು ಬರೀ ನೋಡಿ ಹೋಗಲಿಕ್ಕೋ, ಕರೆದುಕೊಂಡು ಹೋಗಲಿಕ್ಕೋ?

ಬೀಗತಿಗೆ ಮಾತ್ರ ನಮ್ಮೂರು ದಿನದಿಂದ ದಿನಕ್ಕೆ ಹಿಡಿಸತೊಡಗಿತು. ಕಾರಣ, ಮಾಮಾ! ರಿಕ್ಷಾದವರನ್ನು ಇಲ್ಲಿ ಎಲ್ಲರೂ ಕರೆಯುವುದು “ಏ ಮಾಮಾ” ಎಂದೇ. ಜಾರ್ಜಿಯಾದವರ ಬಾಯಲ್ಲಿ ‘ಮಾಮಾ’ ಎಂದರೆ ಅಪ್ಪ! ಬೀಗತಿ ಸ್ಟ್ಯಾಂಡಿನಲ್ಲಿ ಬೆರಗಾಗಿ ನಿಂತರು. ಕಾಲೇಜು ಹುಡುಗಿಯರು, ಮುದುಕರು, ಪೊಲೀಸರು ಎಲ್ಲರೂ ಗಾಡಿ ಹೊಡೆಯುವವನನ್ನು ಅಪ್ಪಾ ಎನ್ನುತ್ತಿದ್ದಾರೆ! ತಾವು ಇಷ್ಟು ವರ್ಷ ಟ್ಯಾಕ್ಸಿ ಓಡಿಸಿದರೂ ಒಬ್ಬನಾದರೂ ಅವ್ವಾ ಎಂದನೇ ಎಂದು ಮಗಳ ಮುಂದೆ ಕೊರಗಿದರಂತೆ. ಸೊಸೆ ಅದನ್ನು ಹರಕು ಮುರುಕು ಹಿಂದಿಯಲ್ಲಿ ಹೇಳಿದ್ದೇ ತಡ, ಇಡೀ ಸ್ಟ್ಯಾಂಡಿಗೆ ಬೀಗತಿ “ಅವ್ವಾರ” ಆದರು.

ಈ ಮಾಮಾನಿಂದ ಒಂದು ಎಡವಟ್ಟೂ ಆಯಿತು. ಅಕ್ಕಲಕೋಟೆಯಲ್ಲಿ ದರ್ಶನ ಮುಗಿಸಿ, ಅಲ್ಲಿಂದ ವಾಗದರಿಯಲ್ಲಿರುವ ನನ್ನ ತವರಿಗೆ ಹೋಗುವುದೆಂದಾಯಿತು. ಬೀಗತಿ ಕಾರು ಹತ್ತಲೊಲ್ಲರು. ಹಾಗಾಗಿ ವಡಾಪಿನಲ್ಲಿ ಹೋಗಬೇಕಾಯಿತು. ವಡಾಪ್ ಎಂದರೆ ಜನ ತುಂಬುವವರೆಗೆ ಹೊರಡದ ಜೀಪು. ಡ್ರೈವರು ಆರಾಮವಾಗಿ ಬೀಡಿ ಸೇದುತ್ತಿದ್ದ. ಸ್ವಲ್ಪ ಹೊತ್ತು ನೋಡಿದ ಬೀಗತಿ ದಡಕ್ಕನೆ ಕೆಳಗಿಳಿದರು. ಸೊಂಟದ ಮೇಲೆ ಕೈಯಿಟ್ಟು, “ಅಕಲ್ಕೋಟ್! ಅಕಲ್ಕೋಟ್!” ಎಂದು ರಸ್ತೆಗೆಲ್ಲ ಕೇಳುವಂತೆ ಕೂಗಿದರು. ಕೆಂಪು ಕೂದಲಿನ, ಹೂಹೂವಿನ ಫ್ರಾಕಿನ ಹೆಂಗಸು ಕೂಗಿದರೆ ಯಾರು ತಾನೇ ನಿಲ್ಲರು? ಬೇರೆ ಊರಿಗೆ ಹೋಗಬೇಕಾದವನೊಬ್ಬ ಅಕ್ಕಲಕೋಟೆಯ ಗಾಡಿ ಹತ್ತಿದ, ಹೋಟಗಿಯ ರೈಲು ಹಿಡಿಯಬೇಕಾದವನೂ ಹತ್ತಿದ! ಜೀಪು ಕ್ಷಣದಲ್ಲಿ ತುಂಬಿತು.

“ವೈನಿ, ಇವರ್ನ ಇಲ್ಲೇ ಬಿಟ್ ಹೋಗ್ರಿ” ಎಂದು ಡ್ರೈವರು ಕೈ ಮುಗಿದ. “ದಿನಾ ಎರಡ್ ಫೇರಿ ಹೆಚ್ಚಿಗಿ ಹೊಡೀತೀನಿ.”

ಅಲ್ಲೇ ಬಸ್ಸಿಗೆ ಕಾಯುತ್ತಿದ್ದ ನಮ್ಮ ಪೇಟೆಯ ಶೇಟಜಿಯೊಬ್ಬರು ಇದನ್ನೆಲ್ಲ ನೋಡಿದ್ದರು. ಸಂಜೆ ಅಂಗಡಿಗೆ ಬಂದು ನಮ್ಮವರಿಗೆ, “ಟ್ರಾನ್ಸ್‌ಪೋರ್ಟ್ ಬಿಸಿನೆಸ್ ಅಂದಿದ್ರಿ ಖರೆ, ನಮ್ ರೂಟಿಗೂ ಇಳದಾರ ಅಂತ ಗೊತ್ತಿರ್ಲಿಲ್ ಬಿಡ್ರಿ!” ಎಂದು ಹೇಳಿ ಹೋದರಂತೆ.

ಇತ್ತ ವಾಗದರಿಯಲ್ಲಿ, ಮೊದಲೇ ಬೈಕಿನಲ್ಲಿ ಬಂದಿದ್ದ ನನ್ನ ಮಗ ನನ್ನ ತಮ್ಮನ ಹೆಗಲ ಮೇಲೆ ಕೈಹಾಕಿ, “ಮಾಮಾ, ಹುರಡಾ ಎಲ್ಲಿ?” ಎಂದ. ಎಳೆ ಜೋಳದ ಸಿಹಿತೆನೆ ತಿನ್ನುವ ಆತುರ ಅವನಿಗೆ. ಬೀಗತಿ ಅವನನ್ನು ನೋಡಿದರು, ನನ್ನ ತಮ್ಮನನ್ನು ನೋಡಿದರು, ಇಬ್ಬರ ಮೂಗೂ ಒಂದೇ ಥರ ಇರುವುದನ್ನು ನೋಡಿದರು. ಆಮೇಲೆ ನನ್ನ ಕಡೆ ಬಹಳ ಕರುಣೆಯಿಂದ ನೋಡಿ, ಚಹಾ ಕುಡಿದರು! ಸೊಸೆ ಬಿಡಿಸಿ ಹೇಳುವವರೆಗೆ ನನ್ನ ಮಾನ ಆ ಚಹಾದ ಬಸಿಯಲ್ಲಿ ತೇಲುತ್ತಿತ್ತು.

ನಗುತ್ತಲೇ ತಿರುಗಿ ಬಂದೆವು. ಆದರೆ ಒಂದು ಮಧ್ಯಾಹ್ನ ಸಿದ್ರಾಮ ಬಾಗಿಲಿಗೆ ಬಂದು ತಲೆ ತುರಿಸುತ್ತ ನಿಂತ.

“ವೈನಿ, ಸಿಟ್ಟಾಗಬ್ಯಾಡ್ರಿ. ಅವ್ವಾರ ತಲಿ ಬರೋಬ್ಬರಿ ಅದ ಏನ್ರಿ?”

“ಯಾಕೋ, ಏನಾತು?”

“ದವಾಖಾನಿಗೆ ನಡಿ ಅಂತ ಕೈ ಮಾಡ್ತಾರ. ಹೋದ್ರ ಇಳಿಯಂಗಿಲ್ಲ, ವಾಪಸ್ ಮನಿಗೆ. ಮನಿಗೆ ಬಂದ್ರ ಮತ್ತ ದವಾಖಾನಿ, ಬ್ಯಾರೆ ಹಾದಿ ಹಿಡಿ ಅಂತಾರ. ತರಕಾರಿ ಮಂಡಿ, ನಿಮ್ ದುಕಾನ, ಸ್ಟೇಷನ್, ಎಲ್ಲಾ ಹಿಂಗ. ಗುಡಿ ಸುತ್ತಿದಂಗ ಊರ್ ಸುತ್ತಾಕತ್ಯಾರ!”

ಸ್ಟೇಷನ್ ಎಂಬ ಮಾತೊಂದೇ ನನ್ನ ಕಿವಿಯಲ್ಲಿ ಉಳಿಯಿತು. ಸರಿ, ಮಗಳೊಂದಿಗೆ ಹೊರಡುವ ದಾರಿ ಗೊತ್ತುಮಾಡಿಕೊಳ್ಳುತ್ತಿದ್ದಾರೆ! ಮಗನನ್ನು ಕೇಳಿದರೆ, “ನನಗೂ ಏನೂ ಹೇಳವಲ್ರು” ಎಂದ. ತಾಯಿ ಮಗಳು ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿಕೊಳ್ಳುವುದು ಬೇರೆ. ನಾನೇನು ಮಾಡಲಿ? ಸೊಸೆಗೆ ದಿನಾ ಹೋಳಿಗೆ ಮಾಡತೊಡಗಿದೆ. ಇಂಥ ಹೋಳಿಗೆ ಬಿಟ್ಟು ಯಾರು ಹೋದಾರು ಎಂಬುದು ನನ್ನ ಎಣಿಕೆ. ಅದನ್ನು ತಿಂದವರು ಬೀಗತಿ! ಇನ್ನು ಇವರೇ ಇಲ್ಲಿ ಉಳಿದುಬಿಟ್ಟರೆ ಹೇಗೆ ಎಂದು ನಮ್ಮವರು ಹೊಸ ಚಿಂತೆ ಹಚ್ಚಿಕೊಂಡರು.

ಕೊನೆಗೆ ಹೋದದ್ದು ಅವರೊಬ್ಬರೇ. ಸ್ಟೇಷನ್ನಿನಲ್ಲಿ ನನ್ನನ್ನು ಎಲುಬು ಮುರಿಯುವಂತೆ ಅಪ್ಪಿಕೊಂಡು, ಕಿವಿಯಲ್ಲಿ ಉದ್ದಕ್ಕೆ ಏನೋ ಹೇಳಿದರು. ಸೊಸೆ ಅದನ್ನು ನನಗೆ ತಿರುಗಿಸಿ ಹೇಳಲಿಲ್ಲ. ಅವಳು ಅತ್ತ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆಮೇಲೆ ಕೆಲವು ತಿಂಗಳಿಗೆ, ಸೊಸೆಗೆ ನಮ್ಮ ಕನ್ನಡ ಹತ್ತತೊಡಗಿದ್ದಾಗ, ನಮ್ಮವರೂ ಮಗನೂ ಖರೀದಿಗೆ ರೈಲಿನಲ್ಲಿ ಹೊರಗೂರಿಗೆ ಹೋದ ದಿನ, ಶೇಂಗಾ ಚಟ್ನಿಯ ಡಬ್ಬಿ ತೆಗೆಯಲು ಸ್ಟೂಲು ಹತ್ತಿದ ನಾನು ಬಿದ್ದೆ. ಕಾಲು ಕಣ್ಣೆದುರೇ ಬಾತುಕೊಂಡಿತು. ಅಂದು ರಿಕ್ಷಾದವರ ಬಂದ್ ಬೇರೆ. ನಾನು ನೋವಿಗೆ ಚೀರುತ್ತಿದ್ದರೆ ಸೊಸೆ ಓಡಿಹೋಗಿ ಖಾಲಿ ರಿಕ್ಷಾ ಸ್ಟ್ಯಾಂಡು ನೋಡಿ ಬಂದಳು. ಆಮೇಲೆ ಕಾರಿನ ಕೀಲಿ ತೆಗೆದುಕೊಂಡಳು. ಟ್ಯಾಕ್ಸಿ ಹೊಡೆಯುವ ತಾಯಿಯ ಮಗಳಿಗೆ ಗಾಡಿ ಓಡಿಸಲು ಬಾರದೇ?

“ಬ್ಯಾಡವ್ವಾ, ನಿನಗ ಹಾದಿ ತಿಳಿಯಂಗಿಲ್ಲ” ಎಂದೆ.

“ಅವ್ವಗ ತಿಳೀತದ” ಎಂದಳು.

ನನ್ನನ್ನು ಹೇಗೋ ಹಿಂದೆ ಮಲಗಿಸಿ, ಫೋನನ್ನು ಸ್ಟೇರಿಂಗಿನ ಬಳಿ ನಿಲ್ಲಿಸಿ, ತಾಯಿಗೆ ಕರೆ ಮಾಡಿದಳು. ಪರದೆಯ ಮೇಲೆ ಬೀಗತಿ ಕಂಡರು. ಮಾತು ನನಗೆ ತಿಳಿಯಲಿಲ್ಲ. ಆದರೆ ನಡುನಡುವೆ “ಸಾತ್ರಾಸ್ತಾ” ಎಂದು ಕೇಳಿತು, ನಮ್ಮ ಸಾತ್ ರಸ್ತಾ ಚೌಕ! ಸೊಸೆ ಕಂಡದ್ದನ್ನು ಹೇಳುತ್ತಿದ್ದಳು, ಬಾಳೆಹಣ್ಣಿನ ಗಾಡಿ, ಹಳದಿ ಗೋಡೆ, ಗುಡಿ. ಸಾವಿರಾರು ಮೈಲಿ ಆಚೆಯಿಂದ ತಾಯಿ ಒಂದೊಂದೇ ತಿರುವು ಹೇಳುತ್ತಿದ್ದರು. ಹುಡುಗಿ ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದು ಹೇಳಿದ ಕಡೆಗೆಲ್ಲ ತಿರುಗಿಸುತ್ತಿದ್ದಳು.

“ಇದಕ್ಕೇನ್ ಅಷ್ಟ್ ದಿನ ತಿರಗಿದ್ದು ನಿಮ್ಮವ್ವ?” ಎಂದು ನರಳುತ್ತಲೇ ಕೇಳಿದೆ.

ಸೊಸೆ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು. “ಹ್ಞೂಂ ಅತ್ತಿ. ನಾ ಫೋನಿನ್ಯಾಗ ಅತ್ರ, ನಾ ಎಲ್ಲಿ ನಿಂತೀನಿ ಅಂತ ಅವ್ವಗ ಗೊತ್ತಾಗಬೇಕಂತ.”

ದವಾಖಾನೆಯ ಮುಂದೆ ಕಾರು ನಿಂತಿತು. ಆಗ ಫೋನನ್ನು ಸರಿಯಾಗಿ ನೋಡಿದೆ. ಬೀಗತಿ ತಮ್ಮ ಟ್ಯಾಕ್ಸಿಯನ್ನು ರಸ್ತೆಯ ಬದಿಗೆ ನಿಲ್ಲಿಸಿಕೊಂಡು ಕೂತಿದ್ದರು. ಹಿಂದಿನ ಸೀಟಿನ ಪ್ರಯಾಣಿಕ, ಯಾರೋ ಟೊಪ್ಪಿಗೆಯ ಮುದುಕ, ತನ್ನ ಕೆಲಸ ಮರೆತು ಮುಂದಕ್ಕೆ ಬಾಗಿ, ನಾವು ಮುಟ್ಟಿದೆವೋ ಇಲ್ಲವೋ ಎಂದು ಕಣ್ಣರಳಿಸಿ ನೋಡುತ್ತಿದ್ದ. ಬೀಗತಿ ಎರಡೂ ಅಂಗೈಯಿಂದ ಮುಖ ಒರೆಸಿಕೊಂಡರು.

ಗಾಲಿಕುರ್ಚಿ ತಂದ ನರ್ಸಬಾಯಿ ಕೇಳಿದಳು, “ಪೇಶಂಟ್ ಸಂಗಾಟ ಯಾರ್ ಬಂದೀರಿ?”

ಸೊಸೆ ಫೋನನ್ನು ಕೈಗೆತ್ತಿಕೊಂಡು, ಅವಳ ಕಡೆ ತಿರುಗಿಸಿ ಹಿಡಿದಳು.

“ಇಬ್ರೂ ಬಂದೀವ್ರಿ” ಎಂದಳು.