ಮಲ್ಕಪ್ಪನ ಹೆಬ್ಬೆರಳಿಗೆ ಕಟ್ಟಿದ ದಾರ

ಕಿವುಡನಿಗೂ ಒಂದು ನೌಕರಿ ಕೊಡಬೇಕೆಂದು ಸರ್ಕಾರಕ್ಕೆ ಒಳ್ಳೆಯ ಬುದ್ಧಿ ಬಂದು, ಮಲ್ಕಪ್ಪನನ್ನು ಸುರಪುರದ ಒಂದು ಕಚೇರಿಯಲ್ಲಿ ಜವಾನನಾಗಿ ಇಟ್ಟಿತ್ತು. ಹಳೆಯ ಸಾಹೇಬರು ಕೈಬೀಸಿ ಕರೆಯುತ್ತಿದ್ದರು, ಅವನು ಅವರ ತುಟಿ ನೋಡಿ ಮಾತು ತಿಳಿಯುತ್ತಿದ್ದ. ಮನೆಯ ಐದು ಬಾಯಿಗೆ ರೊಟ್ಟಿ ಬೀಳುತ್ತಿತ್ತು. ಅಷ್ಟರಲ್ಲಿ ಕನ್ನಡ ನಾಡೆಲ್ಲ ಒಂದು ರಾಜ್ಯವಾಗಿ, ಮೈಸೂರು ಕಡೆಯಿಂದ ಹೊಸ ಸಾಹೇಬರು ಬಂದರು. ಬಂದವರೇ ಬಾಗಿಲಿಗೆ ಪರದೆ ಕಟ್ಟಿಸಿ, ಮೇಜಿನ ಮೇಲೆ ಹಿತ್ತಾಳೆ ಗಂಟೆ ಇಟ್ಟರು.

ಬೆಳಗ್ಗೆ ಹತ್ತು ಸಲ ಬಾರಿಸಿ ಸೋತು, ಕೊನೆಗೆ ಸಾಹೇಬರೇ ಹೊರಗೆ ಬಂದರು.

“ಏನಯ್ಯ, ಇನ್ನೊಂದು ಸಲ ಗಂಟೆ ಹೊಡೆದಾಗ ಬರದಿದ್ರೆ ನಾಳೆಯಿಂದ ಕಚೇರಿಗೇ ಬರಬೇಡ.”

ಮಲ್ಕಪ್ಪನನ್ನು ಕಿವುಡನೆಂದೇ ಇಟ್ಟ ಹುಕುಂ ಫೈಲಿನಲ್ಲೇ ಇತ್ತು. ಇದ್ದದ್ದು ಹಳೆಯ ಸರ್ಕಾರದ ಉರ್ದುವಿನಲ್ಲಿ; ಸಾಹೇಬರಿಗೆ ಉರ್ದುವಿನ ಗಂಧಗಾಳಿ ಇರಲಿಲ್ಲ.

“ಕಿವಿ ಸಂಗತಿ ಹೇಳಿಬಿಡ್ಲೇನು?” ಎಂದು ಮಲ್ಕಪ್ಪ ಗುಮಾಸ್ತ ಅಂಬ್ರಪ್ಪನನ್ನು ಕೇಳಿದ.

“ಹುಚ್ಚಪ್ಪ, ಹೇಳಿದ್ರ ಇವತ್ತೇ ಮನಿಗೆ ಕಳಸ್ತಾರ. ನಾ ಇದ್ದೀನಲ್ಲ, ಸುಮ್ಮನಿರು.”

ಊರ ಉಸಾಬರಿಯೆಲ್ಲ ಅಂಬ್ರಪ್ಪನದೇ. ಕುರಿಮರಿ ಕಟ್ಟುವ ಉದ್ದ ದಾರ ತಂದು, ಒಂದು ತುದಿಯನ್ನು ಮಲ್ಕಪ್ಪನ ಕಾಲ ಹೆಬ್ಬೆರಳಿಗೆ ಬಿಗಿದು, ಇನ್ನೊಂದನ್ನು ತನ್ನ ಮುಂಗೈಗೆ ಕಟ್ಟಿಕೊಂಡು ಪರದೆಯ ಹೊರಗೆ ಕೂತ. ಗಂಟೆ ಕೇಳಿದರೆ ಅವನು ಎಳೆಯಬೇಕು, ಇವನು ಓಡಬೇಕು.

ಇವನು ಓಡಿದ. ಅಂಬ್ರಪ್ಪ ಮೂಗು ಒರೆಸಿಕೊಂಡರೂ ಓಡಿದ, ನಶ್ಯ ಏರಿಸಿದರೂ ಓಡಿದ. ಕಸಗುಡಿಸುವ ತಿಮ್ಮವ್ವನ ಕಸಬರಿಗೆ ದಾರಕ್ಕೆ ಸಿಕ್ಕಿ ಮತ್ತೆ ಮೂರು ಸಲ ಓಡಿದ. ಓಡಿದಾಗೆಲ್ಲ ನೀರು ಒಯ್ದದ್ದರಿಂದ ಮಧ್ಯಾಹ್ನದೊಳಗೆ ಸಾಹೇಬರ ಮೇಜಿನ ಮೇಲೆ ಒಂಬತ್ತು ಗ್ಲಾಸು ನೀರು ಸೇರಿದವು.

“ಪರವಾಗಿಲ್ಲ ಕಣಯ್ಯ, ಕರೆಯೋಕೆ ಮುಂಚೇನೇ ಬರ್ತೀಯ” ಎಂದರು ಸಾಹೇಬರು. ಮಲ್ಕಪ್ಪನಿಗೆ ಹೋದ ಜೀವ ಬಂದಂತಾಯಿತು.

ಮೂರು ಗಂಟೆಗೆ ಗುಲ್ಬರ್ಗಾದಿಂದ ತಪಾಸಣೆಗೆ ಭಗವಂತರಾಯರು ಬಂದರು. ಕಿವುಡರ ನೌಕರಿಯಲ್ಲಿ ಕಿವುಡರೇ ಇದ್ದಾರೋ ಇಲ್ಲವೋ ನೋಡುವುದು ಅವರ ಕೆಲಸ. ಪರದೆಯ ಹಿಂದೆ ಸಾಹೇಬರ ಪಕ್ಕ ಕೂತು ಗಂಟೆ ಬಾರಿಸಿದರು. ಮಲ್ಕಪ್ಪ ಹಾಜರಾದ. ಅವನನ್ನು ಹೊರಗೆ ಕಳಿಸಿ, ಬೆರಳ ತುದಿಯಿಂದ ಮೆಲ್ಲಗೆ ಬಾರಿಸಿದರು. ಮತ್ತೆ ಹಾಜರಾದ.

“ಇಂವ ಕಿವುಡ ಅಲ್ಲ, ಕಳ್ಳ ಇದ್ದಾನ.”

ಅವರ ತುಟಿ ನೋಡಿ ಮಲ್ಕಪ್ಪ ಕೈಮುಗಿದ. “ನನಗ ಏನೂ ಕೇಳಂಗಿಲ್ರಿ ಸಾಹೇಬ್ರ.”

“ಕೇಳದಿದ್ರ ಜವಾಬು ಹ್ಯಾಂಗ ಕೊಟ್ಟಿ?” ಎಂದವರೇ ಭಗವಂತರಾಯರು ವಜಾ ಹುಕುಂ ಬರೆದು ಠಸ್ಸೆ ಒತ್ತಿದರು.

ದಿಕ್ಕು ತೋಚದೆ ಮಲ್ಕಪ್ಪ ದಾರ ಕಟ್ಟಿದ ಕಾಲು ಜಗ್ಗಿದ. ಪರದೆ ಸಮೇತ ಅಂಬ್ರಪ್ಪ ಒಳಗೆ ಬಂದು ಬಿದ್ದು, ಬಿದ್ದಲ್ಲೇ ಎಲ್ಲವನ್ನೂ ಒಪ್ಪಿಕೊಂಡ.

“ಪಾಪ, ಖರೇನ ಕಿವುಡ ಇದ್ದಾನ” ಎಂದು ಭಗವಂತರಾಯರು ಮರುಗಿದರು. “ಆದ್ರ ಠಸ್ಸೆ ಬಿದ್ದಮ್ಯಾಗ ನನ್ನ ಕೈಯಾಗೇನೈತಿ?”

“ಕಿವುಡನ್ನ ಇಟ್ಕೊಂಡು ನಾನು ಗಂಟೆ ಹೊಡೀತಿದ್ನೇ?” ಎಂದು ಸಾಹೇಬರೂ ಸಿಟ್ಟಿನಿಂದ ಒಂದು ಕಾಗದ ಬರೆದರು.

ಸಂಜೆ ಕಚೇರಿಯ ಮೆಟ್ಟಿಲಿಳಿಯುವಾಗ ಮಲ್ಕಪ್ಪನ ಕೈಯಲ್ಲಿ ಎರಡು ವಜಾ ಹುಕುಂ ಇದ್ದವು. ಒಂದು ಕಿವಿ ಕೇಳುತ್ತದೆಂದು, ಇನ್ನೊಂದು ಕಿವಿ ಕೇಳುವುದಿಲ್ಲವೆಂದು. ಎರಡನ್ನೂ ಅಂಬ್ರಪ್ಪನ ಮುಂದೆ ಹಿಡಿದ.

“ಅಂಬ್ರಪ್ಪ, ಮನ್ಯಾಗ ಆಕಿಗೆ ಇದ್ರಾಗ ಯಾವುದು ತೋರಿಸ್ಲಿ?”